ಚೊಗರು ಹಚ್ಚಿದ ಕೈ

ಡಿಗ್ರಿ ನಮ್ಮಂಥವರಿಗೆ ಆಗದ ಮಾತು ಅಂದವಳು ನಮ್ಮವ್ವ. "ನೀನು ಡಿಗ್ರಿ ಮುಗಿಸಿದ ದಿನ ನಾನು ಪಂಚಾಯ್ತಿ ಅಧ್ಯಕ್ಷೆ ಆಗಿರ್ತೀನಿ ನೋಡು," ಎಂದು ಅಡಿಕೆ ಸುಲಿಯುವ ಹೆಂಗಸರೆದುರು ನಗಾಡುತ್ತಿದ್ದಳು. ನಲ್ಲೂರಿನ ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವರೇ ಇರಲಿಲ್ಲ. ಸೀಸನ್ನಿನಲ್ಲಿ ಅವ್ವನ ಜೊತೆ ಅಡಿಕೆ ಸುಲಿಯುತ್ತ, ಬಸ್ಸಿನಲ್ಲಿ ಚನ್ನಗಿರಿಯ ಕಾಲೇಜಿಗೆ ಹೋಗುತ್ತ, ಬಿ.ಎ. ಕೊನೆಯ ವರ್ಷಕ್ಕೆ ಬಂದಿದ್ದೆ.

ನನ್ನ ಬಲ ಮೊಣಕೈ ಕೆಳಗೆ ಬಿಳಿಚಿದ ಒಂದು ಮಚ್ಚೆ ಇತ್ತು. ಚಿಬ್ಬು ಎಂದುಕೊಂಡಿದ್ದೆವು. ನನ್ನನ್ನು ನೋಡಲು ಹೊನ್ನಾಳಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಬೇಯಿಸಿದ ಅಡಿಕೆಗೆ ಕೆಂಪು ಬಣ್ಣ ಕೊಡುವ ಚೊಗರನ್ನೇ ಅವ್ವ ಮಚ್ಚೆಗೂ ಹಚ್ಚಲು ಹೊರಟಳು. ಬಣ್ಣ ಹಿಡಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎನ್ನುವುದು ಅವಳ ಲೆಕ್ಕ. ಕೋಲಿನ ತುದಿಗೆ ಬಟ್ಟೆ ಸುತ್ತಿ, ಒಲೆಯಿಂದ ಇಳಿಸಿದ ಹಂಡೆಯಲ್ಲಿ ಅದ್ದಿ, ಆರಿದೆ ಎಂದುಕೊಂಡು ನನ್ನ ಕೈಮೇಲೆ ಒತ್ತಿದಳು. ಒಂದು ಹನಿ ಅವಳ ಪಾದದ ಮೇಲೆ ಬಿತ್ತು. ಚೀರಿ ಹಿಂದಕ್ಕೆ ಜಿಗಿದಳು.

ನಾನು ಸುಮ್ಮನೆ ಕುಳಿತಿದ್ದೆ.

ಕೈಮೇಲೆ ಬೊಬ್ಬೆ ಏಳುತ್ತಿತ್ತು. ನನಗೆ ಬಿಸಿಯೇ ಗೊತ್ತಾಗಲಿಲ್ಲ. ಅದು ಬೇರೆ ಯಾರದೋ ಕೈ ಅನ್ನಿಸಿತು.

ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣು ಮುಚ್ಚಿಸಿ, ಪೆನ್ನಿನ ತುದಿ ಮುಟ್ಟಿಸಿದ ಕಡೆ ತೋರಿಸು ಎಂದರು. ಇನ್ನೂ ಶುರು ಮಾಡಿಲ್ಲ ಎಂದುಕೊಂಡು ಕಾಯುತ್ತಿದ್ದೆ. ಕಣ್ಣು ಬಿಟ್ಟಾಗ ಪೆನ್ನು ಮಚ್ಚೆಯ ಮೇಲೇ ಇತ್ತು.

ಲೆಪ್ರಸಿ.

ಕುಷ್ಠ ಎಂದು ಬಿಡಿಸಿ ಹೇಳಿದಾಗ ಅವ್ವ ನನ್ನಿಂದ ಒಂದು ಹೆಜ್ಜೆ ಸರಿದಳು. ಎಂಡಿಟಿ ಎನ್ನುವ ಕುಷ್ಠದ ಮಾತ್ರೆ ಶುರುವಾದರೆ ಇನ್ನೊಬ್ಬರಿಗೆ ಹರಡುವುದಿಲ್ಲ, ಮನೆಯಲ್ಲೇ ಇರಬಹುದು ಎಂದರು ಡಾಕ್ಟರು. ಆದರೆ ನರ್ವ್‌ಗೆ ಪೆಟ್ಟಾಗಿದೆ, ಕಿರುಬೆರಳು, ಉಂಗುರಬೆರಳು ಮಡಚಿಕೊಳ್ಳುತ್ತಿವೆ. ದಿನಾ ನೀರಿನಲ್ಲಿ ನೆನೆಸಿ, ಎಣ್ಣೆ ತಿಕ್ಕಿ, ನೀವಿ ನೆಟ್ಟಗೆ ಮಾಡದಿದ್ದರೆ ಪೆನ್ನು ಹಿಡಿಯುವುದು ಕಷ್ಟ. ಕೊನೆಯ ಪರೀಕ್ಷೆ ಹತ್ತಿರದಲ್ಲೇ ಇತ್ತು.

ಸುದ್ದಿ ಹಬ್ಬಿ ಗಂಡಿನವರು ಬರಲಿಲ್ಲ. ಮನೆಯಲ್ಲಿ ನನಗೆ ಬೇರೆ ತಟ್ಟೆ ಬಂತು. ಒಬ್ಬಳೇ ಕೂರಲಾಗದೆ, ಬ್ಯಾಂಡೇಜ್ ಕೈಯಲ್ಲೇ ಅಡಿಕೆ ಸುಲಿಯುವ ಜಾಗಕ್ಕೆ ಹೋದೆ. ಮಧ್ಯಾಹ್ನ ಎಲ್ಲರ ಬುತ್ತಿಯನ್ನೂ ನಡುವೆ ಬಿಚ್ಚಿಟ್ಟು ಹಂಚಿಕೊಳ್ಳುವುದು ಅಲ್ಲಿನ ರೂಢಿ. ನನ್ನ ರೊಟ್ಟಿಗೆ ಯಾರೂ ಕೈ ಹಾಕಲಿಲ್ಲ.

ರೂತಕ್ಕ ಹಾಕಿದಳು. ಭಾನುವಾರ ಚರ್ಚಿಗೆ ಹೋಗುವ, ನಮ್ಮ ಗುಂಪಿನ ಒಬ್ಬಳೇ ಕ್ರೈಸ್ತ ಹೆಂಗಸು. ರೊಟ್ಟಿ ಮುರಿದು ಬಾಯಿಗಿಟ್ಟು, "ಉಪ್ಪು ಜಾಸ್ತಿ ಆಗೈತೆ ಕಣವ್ವ, ಅದಕ್ಕೇ ಯಾರೂ ತಿಂತಿಲ್ಲ," ಎಂದಳು. ನಾನು ಅತ್ತೆ. ಅವಳು ರೊಟ್ಟಿ ಪೂರ್ತಿ ತಿಂದಳು.

ಅವ್ವ ಮುಟ್ಟಲು ಹೆದರುತ್ತಿದ್ದ ಕೈಯನ್ನು ರೂತಕ್ಕ ದಿನಾ ಸಂಜೆ ತೊಡೆಯ ಮೇಲಿಟ್ಟುಕೊಂಡು ಕೊಬ್ಬರಿ ಎಣ್ಣೆ ತಿಕ್ಕಿದಳು. ಹೆದರಿಕೆ ಆಗುವುದಿಲ್ಲವಾ ಎಂದು ಕೇಳಿದೆ.

"ಮೊದ್ಲು ಆಗಿತ್ತು. ಆದ್ರೆ ನಮ್ಮ ಯೇಸು ಸ್ವಾಮಿ ಈ ಕಾಯಿಲೆಯವ್ರನ್ನ ದೂರ ನಿಂತು ಮಾತಾಡಿಸ್ಲಿಲ್ಲ, ಮುಟ್ಟಿದ. ದಿನಾ ಅವನ ಹೆಸ್ರು ಹೇಳ್ಕೊಂಡು, ನಿನ್ನ ಮುಟ್ಟಾಕೆ ಆಗಲ್ಲ ಅಂದ್ರೆ ಹೆಂಗೆ?"

ಚರ್ಚಿಗೆ ಬಾ ಎಂದು ಅವಳು ಎಂದೂ ಕರೆಯಲಿಲ್ಲ. ನಂಬಿಕೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುವವರನ್ನು ನೋಡಿದ್ದೆ. ನನ್ನ ಪಾಲಿಗೆ ಅದು ಎಣ್ಣೆ ಬಟ್ಟಲು ಹಿಡಿದು ಮನೆ ಬಾಗಿಲಿಗೆ ಬಂದಿತ್ತು. ಅವ್ವ ಒಳಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಪೆನ್ನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡು ಪರೀಕ್ಷೆ ಬರೆದೆ. ಅಕ್ಷರ ಸೊಟ್ಟಗಿದ್ದವು. ಪಾಸಾದೆ. ನನ್ನ ಕೈಯಲ್ಲೇ ಬರೆದೆ ಎನ್ನುವುದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಈಗ ಮಾತ್ರೆ ಮುಗಿದಿವೆ. ಕಿರುಬೆರಳು ಪೂರ್ತಿ ನೆಟ್ಟಗಾಗಿಲ್ಲ, ಆಗದೆಯೂ ಇರಬಹುದು. ಕಳೆದ ವಾರ ಪ್ರಿನ್ಸಿಪಾಲರು ಸರ್ಟಿಫಿಕೇಟ್ ಕೊಟ್ಟಾಗ ಬಲಗೈಯಲ್ಲೇ ತೆಗೆದುಕೊಂಡೆ. ಹೊರಗೆ ಕಾಯುತ್ತಿದ್ದ ಅವ್ವನಿಗೆ, "ಅಧ್ಯಕ್ಷರೇ, ತಗೊಳ್ಳಿ," ಎಂದು ಕೊಟ್ಟೆ. ಅವಳು ನಗಲಿಲ್ಲ. ಸರ್ಟಿಫಿಕೇಟನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಮಡಚಿದ ಬೆರಳು ಹಿಡಿದಳು. ಹಿಡಿದದ್ದು ಬೆರಳಿಗೆ ಗೊತ್ತಾಗಲಿಲ್ಲ. ಕಣ್ಣಿನಿಂದ ನೋಡಿ ತಿಳಿದೆ.

"ಎಣ್ಣೆ ಹೆಂಗೆ ತಿಕ್ಕೋದು ಅಂತ ನನಗೂ ತೋರ್ಸಾಕೆ ಹೇಳು ರೂತಕ್ಕಂಗೆ," ಎಂದಳು.