ಬಾಲಪ್ಪ ಆರಿಸಿದ ಹುಲ್ಲು

ರಂಗಂಪೇಟೆಯ ಬಾಲಪ್ಪ ಮುಂಜಾನೆ ಚಹಾಕ್ಕೂ ಮೊದಲು ಬರಿಗಾಲಲ್ಲಿ ತನ್ನ ಅಂಗಳದ ಹುಲ್ಲಿನ ಮೇಲೆ ಒಂದು ಸುತ್ತು ಹಾಕಿಯೇ ಹಾಕುತ್ತಾನೆ. ಹೊಲದವರು ಬೈದು ಕಿತ್ತೆಸೆಯುವ ಕರಿಕೆ, ಜೇಕಿನಂಥ ಕಳೆಹುಲ್ಲುಗಳನ್ನು ಅವನು ಸಂತೆಯಲ್ಲಿ ಕುರಿ ಆರಿಸುವಷ್ಟು ಹೊತ್ತು ತಿರುವಿ ನೋಡಿ, ಅಂಗಾಲಿಗೆ ಉಜ್ಜಿ, ತಂದು ಅಂಗಳದಲ್ಲಿ ಒಂದೊಂದು ಕಡೆ ಒಂದೊಂದು ಬಗೆ ನೆಡುತ್ತಾನೆ. ಮುಳ್ಳಿನದು ಸಿಕ್ಕರೆ, "ನಿನಗ ನಮ್ಮ ಮನ್ಯಾಗ ನೌಕ್ರಿ ಇಲ್ಲಪಾ" ಎಂದು ಅಲ್ಲೇ ಬಿಡುತ್ತಾನೆ. ಕಣ್ಣು ಹೋಗಿರುವ ಹೆಂಡತಿ ರೇಣಮ್ಮ, "ಮಂದಿ ಬಂಗಾರ ತರ್ತಾರ, ನನ್ನ ಗಂಡ ಕಸ ತರ್ತಾನ!" ಎಂದು ನಗುತ್ತಲೇ ಬಾಗಿಲ ಮುಂದಿನ ಮೆತ್ತನೆಯ ಕರಿಕೆ ದಾಟಿ, ಒರಟು ಜೇಕು ತಾಗಿದೊಡನೆ ಬಚ್ಚಲಿಗೆ ತಿರುಗುತ್ತಾಳೆ, ಯಾರನ್ನೂ ಕರೆಯುವುದಿಲ್ಲ. ಪಕ್ಕದ ಮನೆಯ ಹಣಮೇಶ ಮೊನ್ನೆ, "ಕಾಕಾ, ನಮ್ಮಲ್ಲಿ ಫರಸಿ ಕಲ್ಲು ಉಳದಾವ, ಪುಕ್ಕಟೆ ಹಾಸಿಕೊಡ್ತೀನಿ" ಎಂದ. "ಬ್ಯಾಡಪಾ," ಎಂದ ಬಾಲಪ್ಪ, "ಫರಸಿ ಎಲ್ಲಾ ಕಡಿ ಒಂದೇ ಥರ ಇರ್ತದ. ಆಕಿ ಮತ್ತ ನನ್ನ ಕೈ ಹಿಡೀಬೇಕಾಗ್ತದ."