ಕ್ಯಾಲ್ಸಿಯಂಗೆ ಎರಡು ಕೈ

ಫೆಬ್ರುವರಿ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ, ಅಮೆರಿಕದ ಸನ್ನಿವೇಲ್‌ನಲ್ಲಿ ಮಗಳ ಅಪಾರ್ಟ್‌ಮೆಂಟಿನ ಊಟದ ಕೋಣೆ. ಹಾಜರಿದ್ದವರು ಮೂವರು: ಪಾಠ ಹೇಳಲು ನನ್ನ ಹೆಂಡತಿ, ಕಲಿಯಲು ನಾನು ಮತ್ತು ಹತ್ತನೆಯ ತರಗತಿಯಲ್ಲಿರುವ ಮೊಮ್ಮಗಳು. ಮಗಳು ಗ್ರೋಸರಿಗೆಂದು ಆಗತಾನೆ ಹೊರಟಿದ್ದಳು.

ನಾನು ಸ್ಟೀಲ್ ತಟ್ಟೆಗೆ ಸೌಟಿನಿಂದ ಹೊಡೆದು ಗಂಟೆ ಬಾರಿಸಿದೆ. ಇಬ್ಬರೂ ಎದ್ದು ನಿಂತು, "ನಮಸ್ತೆ ಮಿಸ್" ಎಂದೆವು. ಅವಳು ಸೆರಗು ಸರಿಪಡಿಸಿಕೊಂಡು, "ಕೂತ್ಕೊಳ್ಳಿ" ಎಂದಳು.

ಇದು ಆಟವಾಗಿರಲಿಲ್ಲ. ಮಂಡ್ಯದ ಒಂದು ಹೈಸ್ಕೂಲಿನಲ್ಲಿ ಅವಳು ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ನಾನು ಅದೇ ಶಾಲೆಯ ಡ್ರಿಲ್ ಮಾಸ್ತರು. ಮರೆವು ಅವಳನ್ನು ಹಿಡಿದು ಕೆಲವು ವರ್ಷಗಳಾಗಿದ್ದವು. ಹಿಂದಿನ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ಸೀರೆ ಉಟ್ಟು, ಚೀಲ ತೆಗೆದುಕೊಂಡು ಈ ಮನೆಯಿಂದ ಹೊರಟುಬಿಟ್ಟಳು. ಸಿಕ್ಕಿದ್ದು ಇಲ್ಲಿನ ರೈಲು ನಿಲ್ದಾಣದ ಬೆಂಚಿನ ಮೇಲೆ. "ಫಸ್ಟ್ ಪೀರಿಯಡ್ ನಂದೇ, ರೈಲು ಲೇಟು" ಎಂದು ಪಕ್ಕದಲ್ಲಿದ್ದವರಿಗೆ ಕನ್ನಡದಲ್ಲಿ ಹೇಳುತ್ತಿದ್ದಳು.

ಮಗಳು ಪಕ್ಕದ ಊರಾದ ಸ್ಯಾನ್ ಹೊಸೆಯಲ್ಲಿ ವಯಸ್ಸಾದವರ ಡೇಕೇರ್ ಒಂದನ್ನು ನೋಡಿ ಬಂದಳು. ಬೆಳಿಗ್ಗೆ ವ್ಯಾನು ಬರುತ್ತದೆ, ಸಂಜೆ ತಂದು ಬಿಡುತ್ತದೆ. ಹಾಡು ಹೇಳಿಸುತ್ತಾರೆ, ವೃತ್ತಾಕಾರವಾಗಿ ಕೂರಿಸಿ ಬಲೂನು ತಟ್ಟಿಸುತ್ತಾರೆ. ನನ್ನ ಹೆಂಡತಿ ಬಲೂನು ತಟ್ಟುವುದನ್ನು ನನಗೆ ಊಹಿಸಲು ಆಗಲಿಲ್ಲ. ಶಾಲೆಗೆಂದು ತಾನೆ ಅವಳು ಹೊರಡುವುದು, ಶಾಲೆಯನ್ನೇ ಮನೆಗೆ ತರುತ್ತೇನೆ ಎಂದೆ.

ಮಗಳು, "ಸರಿ ಅಪ್ಪ, ನಡೆಯೋ ತನಕ ನಡೀಲಿ. ಆದ್ರೆ ಅಮ್ಮ ಇನ್ನೊಂದ್ಸಲ ಬಾಗಿಲು ತೆಗೆದು ಹೊರಟರೆ ನಾನು ಕೇಳಲ್ಲ, ಡೇಕೇರಿಗೇ ಕಳಿಸೋದು. ಈ ಊರಲ್ಲಿ ಫ್ರೀವೇ ಎಷ್ಟು ಹತ್ತಿರ ಇದೆ ನಿಮಗೆ ಗೊತ್ತು" ಎಂದಳು. ನಾನು ಒಪ್ಪಿ ಮಾತು ಕೊಟ್ಟೆ.

ಕಪ್ಪು ಹಲಗೆ, ಬಿಳಿ ಸೀಮೆಸುಣ್ಣ, ಬಟ್ಟೆಯ ಡಸ್ಟರು ಬಂದವು. ವೇಳಾಪಟ್ಟಿ ನಾನು ಹಾಕಿದೆ. ಎಂಟರಿಂದ ಒಂಬತ್ತು ಪಾಠ, ಹತ್ತು ನಿಮಿಷ ಬಿಡುವು, ಮತ್ತೆ ಪಾಠ, ಹನ್ನೊಂದಕ್ಕೆ ಮಜ್ಜಿಗೆ. ಭಾನುವಾರ ರಜ. ಮೊದಲ ದಿನ ಹಲಗೆಯ ಮುಂದೆ ನಿಂತಾಗ ಅವಳ ಬೆನ್ನು ನೆಟ್ಟಗಾಯಿತು. ಬಾಗಿಲಿನ ಕಡೆಗೆ ತಿರುಗಿಯೂ ನೋಡಲಿಲ್ಲ.

ಪಾಠದ ಹೊತ್ತಿನಲ್ಲಿ ನಾನು ಅವಳಿಗೆ ಗಂಡನಲ್ಲ, ಹಿಂದಿನ ಬೆಂಚಿನ ದಡ್ಡ. "ಇಷ್ಟು ವಯಸ್ಸಾಗಿದೆ, ಇನ್ನೂ ಒಂಬತ್ತನೇ ಕ್ಲಾಸಲ್ಲೇ ಇದೀಯಲ್ಲೋ" ಎನ್ನುತ್ತಿದ್ದಳು. ಮೊಮ್ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಅವಳು ಪಾಠಕ್ಕೆ ಬರುತ್ತಿದ್ದುದು ಶನಿವಾರ ಮಾತ್ರ. ಉಳಿದ ದಿನ ನಾನೊಬ್ಬನೇ ವಿದ್ಯಾರ್ಥಿ.

ಚಿಕ್ಕಂದಿನಲ್ಲಿ ರಸಾಯನಶಾಸ್ತ್ರವನ್ನು ಬಾಯಿಪಾಠ ಮಾಡಿ ಹೇಗೋ ಪಾಸಾದವನು ನಾನು. ಪರಮಾಣು ಎಂದರೇನು, ಒಂದು ಧಾತು ಇನ್ನೊಂದನ್ನು ಯಾಕೆ ಕೂಡುತ್ತದೆ, ಇದು ನನಗೆ ತಿಳಿದದ್ದು ಈ ಹಲಗೆಯ ಮುಂದೆ. ಅವಳು ಪರಮಾಣುವಿಗೆ ಒಂದು ಗುಂಡು ಬರೆದು, ಅದರಿಂದ ಗೀಟು ಎಳೆಯುತ್ತಿದ್ದಳು. ಗೀಟು ಎಂದರೆ ಕೈ. ಜಲಜನಕಕ್ಕೆ ಒಂದು ಕೈ, ಆಮ್ಲಜನಕಕ್ಕೆ ಎರಡು, ಅಲ್ಯೂಮಿನಿಯಂಗೆ ಮೂರು. "ಯಾವ ಕೈಯೂ ಖಾಲಿ ಇರಬಾರದು. ಖಾಲಿ ಇದ್ದರೆ ನೀನು ತಪ್ಪು ಬರೆದಿದೀಯ ಅಂತ ಅರ್ಥ" ಎಂಬುದು ಅವಳ ನಿಯಮ. ಆಮ್ಲಜನಕದ ಎರಡು ಕೈಗೆ ಎರಡು ಜಲಜನಕ ಸಿಕ್ಕಿ ನೀರಾಯಿತೆಂದು ನಾನೇ ಬರೆದು ತೋರಿಸಿದ ದಿನ ಅವಳು ತಲೆಯಾಡಿಸಿ ಸರಿ ಗುರುತು ಹಾಕಿದಳು. ಆ ಗುರುತನ್ನು ಮಧ್ಯಾಹ್ನ ಎರಡು ಸಲ ಪುಸ್ತಕ ತೆಗೆದು ನೋಡಿದೆ.

ಮಂಡ್ಯದಲ್ಲಿ ನಾನು ಮೈದಾನದಲ್ಲಿ ಹುಡುಗರನ್ನು ಸಾಲು ನಿಲ್ಲಿಸುವಾಗ ಅವಳ ದನಿ ಕಿಟಕಿಯಿಂದ ಕೇಳುತ್ತಿತ್ತು. ದನಿ ಮಾತ್ರ. ಏನು ಹೇಳುತ್ತಿದ್ದಾಳೆಂದು ಕಿವಿಗೊಟ್ಟವನಲ್ಲ. ಅದು ಇಷ್ಟು ಚೆನ್ನಾಗಿತ್ತೆಂದು ತಿಳಿಯುವಷ್ಟರಲ್ಲಿ ಹೇಳುವವಳೇ ಕರಗುತ್ತಿದ್ದಳು.

ಆ ಶನಿವಾರದ ಪಾಠ ಕ್ಯಾಲ್ಸಿಯಂ ಕ್ಲೋರೈಡ್. "ಕ್ಯಾಲ್ಸಿಯಂಗೆ ಎರಡು ಕೈ, ಕ್ಲೋರಿನ್‌ಗೆ ಒಂದು" ಎಂದು ಸರಿಯಾಗಿಯೇ ಶುರು ಮಾಡಿದಳು. ಒಂದು ಗುಂಡು ಬರೆದು ಎರಡು ಗೀಟು ಎಳೆದಳು. ಪಕ್ಕದಲ್ಲಿ ಒಂದು ಕ್ಲೋರಿನ್ ಬರೆದು ಒಂದು ಕೈಗೆ ಸೇರಿಸಿದಳು. ಆಮೇಲೆ ಸೀಮೆಸುಣ್ಣ ಇಟ್ಟು, "ಆಯ್ತು, ಬರ್ಕೊಳ್ಳಿ" ಎಂದಳು.

ಕ್ಯಾಲ್ಸಿಯಂನ ಇನ್ನೊಂದು ಕೈ ಹಾಗೇ ನೇತಾಡುತ್ತಿತ್ತು.

ಮೊಮ್ಮಗಳು ನನ್ನ ಮುಖ ನೋಡಿದಳು. ಬೇಡ ಎಂದು ಕಣ್ಣಲ್ಲೇ ಹೇಳಿದೆ. ನಾಲ್ಕು ತಿಂಗಳ ಹಿಂದಾಗಿದ್ದರೆ ನನಗೆ ಆ ತಪ್ಪು ಕಾಣುತ್ತಲೇ ಇರಲಿಲ್ಲ. ಕಂಡದ್ದು ಅವಳೇ ಕಲಿಸಿದ್ದರಿಂದ. ಹಲಗೆಯ ಮೇಲಿದ್ದದ್ದನ್ನು ಇದ್ದ ಹಾಗೆಯೇ ಬರೆದುಕೊಂಡೆ. ಮುಂದಿನ ಪಾಠಕ್ಕೆ ಹೋಗಿಬಿಟ್ಟರೆ ಸಾಕು ಎನಿಸಿತ್ತು.

ಆದರೆ ಪಾಠ ಮುಗಿಸಿ ಬೆಂಚುಗಳ ನಡುವೆ ನಡೆದು ಒಬ್ಬೊಬ್ಬರ ಪುಸ್ತಕ ನೋಡುವುದು ಅವಳ ಹಳೆಯ ಪದ್ಧತಿ. ನನ್ನ ಹತ್ತಿರ ಬಂದು ಬಗ್ಗಿದಳು.

"ಏನೋ ಇದು? ಈ ಕೈ ಯಾಕೆ ಖಾಲಿ?"

"ಬೋರ್ಡ್ ಮೇಲೆ ಇರೋದನ್ನೇ ಬರೆದೆ, ಮಿಸ್."

ತಿರುಗಿ ಹಲಗೆ ನೋಡಿದಳು. ತುಂಬ ಹೊತ್ತು ನೋಡಿದಳು. "ಯಾರು ಇದನ್ನ ಬರೆದಿದ್ದು?"

ಮೊಮ್ಮಗಳು ತಕ್ಷಣ, "ಐ ಡಿಡ್ ಇಟ್, ಅಜ್ಜಿ. ಸಾರಿ" ಎಂದಳು.

"ನಿನ್ನ ಅಕ್ಷರ ಹೀಗಿಲ್ಲ. ಇದು ನನ್ನ ಅಕ್ಷರ."

ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಹತ್ತಿರ ಹೋದಳು. ಕ್ಲೋರಿನ್‌ಗೆ ಇನ್ನೊಂದು ಗೀಟು ಎಳೆದಳು. ಅಳಿಸಿದಳು. ಕ್ಯಾಲ್ಸಿಯಂ ಪಕ್ಕದಲ್ಲಿ ಒಂದು ಗುಂಡು ಬರೆದು, ಅದರೊಳಗೆ ಏನು ಬರೆಯಬೇಕೆಂದು ತೋಚದೆ ನಿಂತಳು. ತಪ್ಪಿದೆ ಎಂಬುದು ಅವಳಿಗೆ ಗೊತ್ತಿತ್ತು. ಎಲ್ಲಿ ಎಂಬುದು ಗೊತ್ತಾಗುತ್ತಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಅವಳ ಕೈಯಿಂದ ಸೀಮೆಸುಣ್ಣ ಮೆಲ್ಲಗೆ ತೆಗೆದುಕೊಂಡು, ಆ ಖಾಲಿ ಗುಂಡಿನೊಳಗೆ ಕ್ಲೋರಿನ್ ಎಂದು ಬರೆದು, ಕ್ಯಾಲ್ಸಿಯಂನ ಕೈಗೆ ಸೇರಿಸಿದೆ. "ಹೀಗಲ್ವಾ ಮಿಸ್" ಎಂದೆ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ದನಿಯೇ ಬದಲಾಯಿತು. "ಏನ್ರೀ ಡ್ರಿಲ್ ಮೇಷ್ಟ್ರೇ, ನಿಮಗ್ಯಾಕೆ ಇದೆಲ್ಲ? ಹೋಗಿ, ಅಲ್ಲಿ ಹುಡುಗರು ಬಿಸಿಲಲ್ಲಿ ನಿಂತಿದಾರೆ."

ನಮ್ಮ ಮದುವೆಗೆ ಮುಂಚೆ, ಸ್ಟಾಫ್ ರೂಮಿನಲ್ಲಿ ಅವಳು ನನ್ನನ್ನು ಮಾತನಾಡಿಸುತ್ತಿದ್ದುದು ಹೀಗೆಯೇ. ಅವಳು ಅಲ್ಲಿಗೆ ಹೋಗಿಬಿಟ್ಟಿದ್ದಳು. "ನನಗೆ ತಲೆನೋವು. ಇವತ್ತು ಕ್ಲಾಸಿಲ್ಲ. ಮನೇಲಿ ಅಪ್ಪ ಕಾಯ್ತಿರ್ತಾರೆ" ಎಂದು ಚೀಲ ತೆಗೆದುಕೊಂಡು, ಬಾಗಿಲು ತೆಗೆದು ಹೊರಟಳು.

ಅಮ್ಮನಿಗೆ ಫೋನ್ ಮಾಡು ಎಂದು ಮೊಮ್ಮಗಳಿಗೆ ಹೇಳಿ ನಾನೂ ಹಿಂದೆ ಹೋದೆ. ಬಲವಂತವಾಗಿ ಹಿಡಿದರೆ ಕೂಗಿಕೊಳ್ಳುತ್ತಾಳೆ. ಪಕ್ಕದಲ್ಲಿ ನಡೆದೆ.

"ನೀವ್ಯಾಕ್ರೀ ಬರ್ತಿದೀರಿ? ನೋಡಿದೋರು ಏನಂದ್ಕೋತಾರೆ?"

"ನಾನೂ ಆ ಕಡೆಗೇ ಹೋಗ್ತಿದೀನಿ, ಮಿಸ್."

"ಹಾಗಾದ್ರೆ ಆ ಪಕ್ಕದಲ್ಲಿ ನಡೀರಿ."

ರಸ್ತೆ ದಾಟಿ ಎದುರಿನ ಕಾಲುದಾರಿಗೆ ಹೋದೆ. ಅವಳು ಆ ಬದಿ, ನಾನು ಈ ಬದಿ. ಅವಳ ಹೆಜ್ಜೆಗೆ ಸಮನಾಗಿ ಹೆಜ್ಜೆ ಹಾಕಿದೆ. ಒಂದು ಸಲ ಇತ್ತ ನೋಡಿ, ನಾನು ನೋಡುತ್ತಿದ್ದೇನೆಂದು ತಿಳಿದು ಮುಖ ತಿರುಗಿಸಿ ನಕ್ಕಳು. ಅದು ನನ್ನನ್ನು ಮದುವೆಯಾಗಲಿದ್ದ ಹುಡುಗಿಯ ನಗು. ನನ್ನ ಕಣ್ಣು ಮಂಜಾಗಿ ಎದುರಿನ ಸಿಗ್ನಲ್ ಕಾಣಲಿಲ್ಲ. ಅದನ್ನು ದಾಟಿದರೆ ದೊಡ್ಡ ರಸ್ತೆ.

ಅಷ್ಟರಲ್ಲಿ ಮಗಳ ಕಾರು ಬಂದು ಅವಳ ಪಕ್ಕದಲ್ಲಿ ನಿಂತಿತು. "ಬಾಮ್ಮ, ಮನೆಗೆ ಹೋಗೋಣ" ಎಂದಳು ಮಗಳು. ಯಾರ ಮನೆ ಎಂದು ಕೇಳದೆ ಅವಳು ಹತ್ತಿ ಕುಳಿತಳು. ನಾನು ಹಿಂದಿನ ಸೀಟಿನಲ್ಲಿ ಸೊಪ್ಪಿನ ಚೀಲಗಳ ನಡುವೆ ಕುಳಿತೆ.

ಊಟವಾದ ಮೇಲೆ ಅವಳು ಮಲಗಿದಳು. ಮಗಳು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ನಿಂತಿದ್ದಳು. ಅವಳು ಬಾಯಿ ತೆಗೆಯುವ ಮೊದಲೇ, "ಸೋಮವಾರದಿಂದ ಡೇಕೇರಿಗೆ ಕಳಿಸೋಣ. ಫೋನ್ ಮಾಡು" ಎಂದೆ.

"ಇನ್ನೊಂದು ವಾರ ನೋಡೋಣ ಅಪ್ಪ, ಬೇಕಾದ್ರೆ."

"ಬೇಡ. ಮಾತು ಕೊಟ್ಟಿದೀನಲ್ಲ."

"ನಿಮಗೋಸ್ಕರ ಹೇಳ್ತಿರೋದು."

"ಗೊತ್ತು."

ಅವಳು ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸಿದಳು. ಆಮೇಲೆ ಹೊರಗೆ ಹೋಗಿ ಫೋನ್ ಮಾಡಿ ಬಂದಳು. ಒಂದು ಜಾಗ ಖಾಲಿ ಇದೆ, ವ್ಯಾನು ಎಂಟೂವರೆಗೆ ಬರುತ್ತದೆ, ಮೊದಲ ದಿನ ಮನೆಯವರು ಜೊತೆಗೆ ಬರುವುದು ಬೇಡ ಎಂದರಂತೆ.

ಮೊಮ್ಮಗಳು ಬಂದು, "ತಾತ, ವಾಟ್ ಅಬೌಟ್ ಕಾರ್ಬನ್?" ಎಂದಳು. ಕಾರ್ಬನ್‌ಗೆ ನಾಲ್ಕು ಕೈ, ಅದು ಯಾರ ಜೊತೆಗೂ ಕೂಡುತ್ತದೆ, ಅದರ ಪಾಠ ಮಾರ್ಚ್‌ನಲ್ಲಿ ಎಂದು ಅವಳಜ್ಜಿ ಆಸೆ ಹುಟ್ಟಿಸಿದ್ದಳು. ನಿಮ್ಮ ಶಾಲೆಯಲ್ಲಿ ಹೇಳಿಕೊಡುತ್ತಾರಲ್ಲ ಎಂದೆ. "ಅಜ್ಜಿ ಥರ ಹೇಳಲ್ಲ" ಎಂದು ಅಪರೂಪಕ್ಕೆ ಪೂರ್ತಿ ಕನ್ನಡದಲ್ಲೇ ಹೇಳಿ ಒಳಗೆ ಹೋದಳು.

ಹೊಸ ಜಾಗಕ್ಕೆ ನನ್ನ ಹೆಂಡತಿ ಮುದ್ದೆಯಾದ ಸೀರೆ ಉಟ್ಟು ಹೋಗಬಾರದು. ಸಂಜೆ ಐದಕ್ಕೆ ಬೀರುವಿನಿಂದ ತಿಳಿನೀಲಿ ಕಾಟನ್ ಸೀರೆ ತೆಗೆದೆ. ನೀರು ಚಿಮುಕಿಸಿ, ಸುರುಳಿ ಸುತ್ತಿ ಸ್ವಲ್ಪ ಹೊತ್ತು ಇಟ್ಟೆ. ಆಮೇಲೆ ಅಂಚಿನಿಂದ ಅಂಚಿಗೆ, ಸೆರಗಿನವರೆಗೆ ಇಸ್ತ್ರಿ ಮಾಡಿದೆ. ಮಡಚಿ ಕುರ್ಚಿಯ ಮೇಲಿಟ್ಟು, ಮೇಲೆ ರವಿಕೆ ಇಟ್ಟೆ. ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತು, ಅದನ್ನು ಆರಲು ನಿಲ್ಲಿಸಿದೆ.