ಲಾರಿ ಹೊಗೆಯ ಎದುರು ನಮ್ಮ ಕಾಕು

ಕಾಕುವಿನ ಬೆರಳುಗಳು ಕೊನೆಕೊನೆಗೆ ಗಾಳಿಗೆ ಬಿದ್ದ ಜೋಳದ ದಂಟಿನ ಹಾಗೆ ಎಲ್ಲವೂ ಕಿರುಬೆರಳಿನ ಕಡೆಗೇ ವಾಲಿದ್ದವು. ಗೆಣ್ಣುಗಳು ಅಡಿಕೆಯಷ್ಟು ಬಾತಿದ್ದವು. ತೊಂಬತ್ತರ ದಶಕದಲ್ಲಿ ದಿನಾ ಬೆಳಿಗ್ಗೆ ನನ್ನ ಜಡೆ ಹೆಣೆದ ಕೈಗಳವು. ಅವ್ವ ಬೆಳಗಿನ ಪಾಳಿಗೆ ಹೋಗುತ್ತಿದ್ದುದರಿಂದ ಪಕ್ಕದ ಮನೆಯ ಕಾಕುವೇ ನನ್ನನ್ನು ಶಾಲೆಗೆ ಅಣಿಮಾಡುವಳು. ಹುಬ್ಬು ಮೇಲೇಳುವಷ್ಟು ಬಿಗಿದು, "ಸಡ್ಲ ಜಡಿ, ಸಡ್ಲ ಬುದ್ಧಿ. ಸುಮ್ನ ಕುಂದ್ರು" ಎನ್ನುವಳು.

ಹಳೇ ಹುಬ್ಬಳ್ಳಿಯ ನಮ್ಮ ಓಣಿಯ ಬಾಯಲ್ಲೇ ಲಾರಿ ಅಡ್ಡೆ, ಅದರ ಎದುರಿಗೇ ಕಾಕುವಿನ ಮನೆ. ಅವಳ ಗಂಡ ಕಾಕಾ ಆ ಅಡ್ಡೆಯ ಗುಮಾಸ್ತ. ಮನೆಯೂ ಲಾರಿ ಮಾಲೀಕನದೇ. ಬೆಳಗಾದರೆ ಚಾಲಕರು ಇಂಜಿನ್ ಚಾಲೂ ಮಾಡಿ ಹಾಗೇ ಬಿಟ್ಟು ಚಹಾಕ್ಕೆ ಹೋಗುವರು. ಒಣಹಾಕಿದ ಧೋತರದ ಮೇಲೂ ಮಸಿ, ಹಾಲಿನ ಕೆನೆಯ ಮೇಲೂ ಮಸಿ.

ಒಂದು ದಿನ ಕಾಕುವಿಗೆ ನನ್ನ ರಿಬ್ಬನ್ ಕಟ್ಟಲಾಗಲಿಲ್ಲ. "ಬೆರಳು ಮಾತ ಕೇಳವಲ್ಲವು" ಎಂದಳು. ಆಮೇಲೆ ರೊಟ್ಟಿ ಬಡಿಯಲೂ ಆಗಲಿಲ್ಲ. ಓಣಿಯ ಪಂಡಿತೆಯರು ತೀರ್ಪು ಕೊಟ್ಟೇಬಿಟ್ಟರು: ಥಂಡಿ. ಮಜ್ಜಿಗೆ ಬಿಡಿಸಿದರು, ಬದನೆಕಾಯಿ ಬಿಡಿಸಿದರು. ಎಳೆಬಿಸಿಲು ಕೀಲಿಗೆ ಒಳ್ಳೆಯದೆಂದು ಎಣ್ಣೆ ಹಚ್ಚಿ ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂಡಿಸಿದರು, ಸರಿಯಾಗಿ ಆ ಲಾರಿಗಳ ಹೊಗೆಗೆ ಮುಖಮಾಡಿ. ವರ್ಷಗಟ್ಟಲೆ ಇದೇ ಔಷಧಿ. ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ದೊಡ್ಡ ಡಾಕ್ಟರ ಹತ್ತಿರ ಹೋದದ್ದು ಬಹಳ ತಡವಾಗಿ. ಆಗ ನಾನು ಕಾಲೇಜು ಮುಗಿಸಿದ್ದೆ. ನಾನೇ ಕರೆದುಕೊಂಡು ಹೋಗಿದ್ದೆ.

"ಬೀಡಿ ಸೇದ್ತೀರೇನು?" ಎಂದರು ಅವರು.

"ನಾ ಸೇದಂಗಿಲ್ರಿ. ಮನಿ ಮುಂದಿನ ಲಾರಿ ಬಿಟ್ಟದ್ದನ್ನ ನುಂಗತೇನಿ" ಎಂದಳು ಕಾಕು.

ಡಾಕ್ಟರು ನಗಲಿಲ್ಲ. ಇದು ಥಂಡಿಯಲ್ಲ, ಮೈ ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಕೀಲುಗಳನ್ನು ತಿನ್ನುವ ಸಂಧಿವಾತ ಎಂದರು. "ಬೀಡಿ ಹೊಗಿಯಿಂದ ಇದು ಬರೂ ಸಂಭವ ಹೆಚ್ಚು ಅನ್ನೂದು ಗೊತ್ತದ. ವರ್ಷಾನುಗಟ್ಲೆ ಕುಡದ ಲಾರಿ ಹೊಗಿನೂ ಹಂಗ ಮಾಡಬಹುದು ಅಂತ ಅನುಮಾನ ಅದ. ನಿಮಗ ಅದರಿಂದನ ಬಂತು ಅಂತ ಖಾತ್ರಿ ಹೇಳಾಕ ಬರೂದಿಲ್ಲ. ಆದ್ರ ಆ ಮನಿ ಬಿಡ್ರಿ."

ಮನೆ ಬಿಡುವುದಿರಲಿ, ಮಾಲೀಕನ ಮುಂದೆ ಬಾಯಿಬಿಡುವ ಎದೆಯೂ ಕಾಕಾನಿಗೆ ಇರಲಿಲ್ಲ. ಕಾಕುವೇ ಹೋಗಿ ಕೇಳಿದಳು: "ಚಹಾ ಕುಡಿಯೂತನಕರೆ ಇಂಜಿನ್ ಬಂದ್ ಮಾಡಸ್ರಿ."

"ಇಂಜಿನ್ ಬಿಸಿ ಆಗಬೇಕಲ್ಲಬೇ. ಬಾಗಲಾ ಹಾಕ್ಕೊಂಡು ಒಳಗ ಕುಂದ್ರು" ಎಂದ ಅವನು.

"ಒಳಗ ಬ್ಯಾರೆ ಗಾಳಿ ಇಟ್ಟೀಯೇನು?" ಎಂದು ಕೇಳಿ ಎದ್ದುಬಂದಳು.

ಅದೇ ಮನೆಯಲ್ಲಿ ಕಾಕು ತೀರಿಕೊಂಡಳು. ನಮ್ಮ ಕಡೆಯ ಪದ್ಧತಿಯಂತೆ ಅಂಗಳದಲ್ಲಿ ಅವಳ ಹೆಣವನ್ನು ಕೂಡಿಸಿದ್ದರು. ಒಬ್ಬಾಕೆ ಬಾಗಿ, "ಪಥ್ಯಾ ಹಿಡೀಲಿಲ್ಲ ನೋಡ" ಎಂದು ಪಿಸುಗುಟ್ಟಿದಳು. ಮಾಲೀಕ ಹಾರ ಹಿಡಿದು ಬಂದ. ಬೆನ್ನ ಹಿಂದೆ ಅವನ ಲಾರಿ ಹೊಗೆ ಕಾರುತ್ತಲೇ ಇತ್ತು. ನನಗೆ ತಡೆಯಲಾಗಲಿಲ್ಲ.

"ಮೊದಲ ಅದನ್ನ ಬಂದ್ ಮಾಡಸ್ರಿ. ಆಮ್ಯಾಲ ಹಾರ ಹಾಕ್ರಿ" ಎಂದೆ.

ಅವನು ತಿರುಗಿ ಒಂದು ಕೈ ಎತ್ತಿದ. ಚಾಲಕ ಇಂಜಿನ್ ಆರಿಸಿದ.

ಕೈ ಎತ್ತಿದರೆ ನಿಲ್ಲುವ ಇಂಜಿನ್ ಅದು. ಆ ಒಂದು ಕೈ ಏಳಲು ನಮ್ಮ ಕಾಕು ಸಾಯಬೇಕಾಯಿತು.